ಜಪಾನ್ ಬ್ರೇಕು, ಮೈಸೂರು ರಸ್ತೆಯ ಪ್ಲೇಟು

ನಾನು ಓದು ನಿಲ್ಲಿಸಿದ್ದು ೧೯೭೧ರಲ್ಲಿ, ಎಂಟನೇ ಕ್ಲಾಸಿನ ಮಧ್ಯದಲ್ಲಿ. ಮೇಷ್ಟರುಗಳು ಯಾರೂ ಅತ್ತ ನೆನಪಿಲ್ಲ. ಅಂದಿನಿಂದ ಲಾರಿಗಳೇ ನನ್ನ ಶಾಲೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಲಾರಿಯಲ್ಲಿ ಯಾರೂ ಪಾಠ ಹೇಳುವುದಿಲ್ಲ, ಬೈಯುತ್ತಾರೆ. ಬೈಸಿಕೊಂಡೇ ಕ್ಲೀನರ್ ಆದೆ, ಬೈಸಿಕೊಂಡೇ ಗೇರು ಹಾಕುವುದನ್ನು ಕಲಿತೆ, ಲೈಸೆನ್ಸ್ ಕೈಗೆ ಬಂದ ಮೇಲೆ ಬೈಯುವ ಸರದಿ ನನ್ನದಾಯಿತು. ಅಷ್ಟು ವರ್ಷ ಸ್ಟೇರಿಂಗ್ ಹಿಡಿದರೂ ಒಂದು ನಾಯಿಮರಿಗೂ ಗಾಡಿ ತಾಗಿಸಿದವನಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ವಿನಯ ಓದಿದವರಿಗೆ ಬಿಟ್ಟದ್ದು. ಅವರ ಪರವಾಗಿ ಮಾತಾಡಲು ಅವರ ಹತ್ತಿರ ಸರ್ಟಿಫಿಕೇಟ್ ಇರುತ್ತದೆ.

ಮುಂದೆ ಬರುವ ಸಂಗತಿಯಲ್ಲಿ ಬಿ.ಇ. ಓದಿದ ಒಬ್ಬರು ಇದ್ದಾರೆ. ಓದಿದವನು ತಪ್ಪಿದ, ಓದದವನು ಗೆದ್ದ ಎಂಬ ಕಥೆ ಬರುತ್ತದೆ ಎಂದು ಯಾರಾದರೂ ಕಾಯುತ್ತಿದ್ದರೆ ಅವರಿಗೆ ನಿರಾಸೆಯಾಗುತ್ತದೆ. ಆ ಇಂಜಿನಿಯರ್ ಹೇಳಿದ ಪ್ರತಿಯೊಂದು ಮಾತೂ ಸರಿಯಾಗಿತ್ತು. ಅದರಿಂದಲೇ ಎಲ್ಲರಿಗೂ ಅವರ ಮೇಲೆ ಸಿಟ್ಟು ಬಂದದ್ದು.

೧೯೮೭ರ ಹೊತ್ತಿಗೆ ನಾನು ಗೋವಿಂದರಾಜನಗರದ ಒಂದು ಮೊಸಾಯಿಕ್ ಟೈಲ್ಸ್ ಕಾರ್ಖಾನೆಯ ಡ್ರೈವರ್. ಕಾರ್ಖಾನೆ ಎಂದರೆ ಶೀಟಿನ ಒಂದು ಷೆಡ್ಡು, ಟೈಲ್ಸ್ ಒತ್ತುವ ಯಂತ್ರ, ಒತ್ತಿದ ಟೈಲ್ಸನ್ನು ನೆನೆಹಾಕುವ ನೀರಿನ ತೊಟ್ಟಿಗಳು, ಮತ್ತು ಎಲ್ಲರ ತಲೆಯ ಮೇಲೂ ಸಿಮೆಂಟಿನ ಬಿಳಿಪುಡಿ. ಅಲ್ಲಿ ಹರೆಯದವರಿಗೂ ನರೆ ಬಂದಂತೆ ಕಾಣುತ್ತಿತ್ತು. ಆಗ ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆ ಕಟ್ಟದವನೇ ಇಲ್ಲ. ರೆಡ್ ಆಕ್ಸೈಡ್ ನೆಲ ಬಾಡಿಗೆ ಮನೆಗೆ, ಮೊಸಾಯಿಕ್ ನೆಲ ಸ್ವಂತ ಮನೆಗೆ ಎಂದು ಊರೇ ತೀರ್ಮಾನಿಸಿಬಿಟ್ಟಿತ್ತು. ಗುಮಾಸ್ತರೊಬ್ಬರು ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಹಾಲಿಗೆ ಹಸಿರು ಚುಕ್ಕೆಯ ಟೈಲ್ಸ್ ಹಾಕಿಸಿ, ಆಮೇಲೆ ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆದವರನ್ನು ಜಾತಿಯಿಂದ ಹೊರಗೆ ಹಾಕಿದಂತೆ ನೋಡುತ್ತಿದ್ದರು.

ಕಾರ್ಖಾನೆಯ ಯಜಮಾನರು ಗದಗದ ಕಡೆಯವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ, ತಲೆ ತುಂಬ ಲೆಕ್ಕ. ಒಳ್ಳೆಯ ಮನುಷ್ಯರು, ಅವರ ಮಾತು ನಡೆಯುವವರೆಗೆ. ತೊಟ್ಟಿಗಳ ಹಿಂದೆ ಒಂದು ಚಿಕ್ಕ ರೂಮಿತ್ತು. ಅದನ್ನು ಡ್ರೈವರ್ ಆದವನಿಗೆ ಕೊಡುತ್ತಿದ್ದರು. ನನಗಲ್ಲ, ಡ್ರೈವರ್ ಆದವನಿಗೆ. ಈ ವ್ಯತ್ಯಾಸವನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು. ನಾವಿಬ್ಬರೂ, ತೊಟ್ಟಿಲ ಮಗುವೂ ಅಲ್ಲಿದ್ದೆವು.

ಆ ವರ್ಷ ಯಜಮಾನರು ಹೊಸ ಗಾಡಿ ತಂದರು. ಜಪಾನಿನವರ ಜೊತೆ ಸೇರಿ ಇಲ್ಲಿಯವರು ಮಾಡಿದ ಪಿಕಪ್. ಪಿಕಪ್ ಎಂಬ ಮಾತು ಕಂಪನಿಯ ಪುಸ್ತಕದಲ್ಲಿ ಮಾತ್ರ. ನಮ್ಮ ಬೀದಿಯಲ್ಲಿ ಲಾರಿಗಿಂತ ಚಿಕ್ಕದೆಲ್ಲವೂ ಟೆಂಪೋ. ಷೋರೂಮಿನವರು ಗಾಡಿ ಕೊಡುವಾಗ ಬಹಳ ಹೊತ್ತು ಅದರ ಬ್ರೇಕನ್ನೇ ಹೊಗಳಿದರು. ಖಾಲಿ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ತಿರುಗುವುದನ್ನೇ ಬಿಟ್ಟು ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತವಲ್ಲ, ಹಿಂಭಾಗ ಜಾರಿ ಪಕ್ಕಕ್ಕೆ ಬರುತ್ತದಲ್ಲ, ಅದಕ್ಕೆ ಇದರಲ್ಲಿ ಔಷಧಿ ಇತ್ತಂತೆ. ಈಗಿನ ಗಾಡಿಗಳಲ್ಲಿ ಎಬಿಎಸ್ ಎನ್ನುತ್ತಾರೆ. ಡ್ಯಾಷ್‌ಬೋರ್ಡಿನಲ್ಲಿ ಅದರ ಹಳದಿ ದೀಪ ಹತ್ತಿದರೆ ಜನ ವರ್ಕ್‌ಷಾಪಿಗೆ ಓಡುತ್ತಾರೆ. ನಮ್ಮದು ಅದರ ಅಜ್ಜ. ದೀಪವೂ ಇಲ್ಲ, ವೈರೂ ಇಲ್ಲ. ಹಿಂದಿನ ಆಕ್ಸಲ್‌ನಿಂದ ಮೇಲಕ್ಕೆ ಒಂದು ಕಬ್ಬಿಣದ ಕಡ್ಡಿ, ಕಡ್ಡಿಯ ತುದಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ. ಅಷ್ಟೇ.

ಯಜಮಾನರು ತಲೆದೂಗಿದರು. "ಜಪಾನ್ ಮಂದಿ ಸುಮ್ಮಸುಮ್ಮನ ಏನೂ ಮಾಡಂಗಿಲ್ಲಪಾ. ಅವರು ಬ್ರೇಕ್ ಅಂದ್ರ ಬ್ರೇಕ್."

ಗಾಡಿ ಷೋರೂಮಿನಿಂದ ದೇವಸ್ಥಾನಕ್ಕೆ ಹೋಯಿತು. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ, ಮಂಗಳಾರತಿ. ಅಲ್ಲಿಂದ ಬೋರ್ಡ್ ಬರೆಯುವವನ ಹತ್ತಿರ ಹೋಯಿತು. ಅವನು ಹಿಂದಿನ ಹಲಗೆಯ ಮೇಲೆ ನಂದಿಯ ಚಿತ್ರ ಬರೆದು, ಕೆಳಗೆ ಕೆಂಪಕ್ಷರದಲ್ಲಿ 'ಜಪಾನ್ ಬ್ರೇಕ್ – ದೂರವಿರಿ' ಎಂದು ಬರೆದ. ಅಲ್ಲಿಂದ ಗಾಡಿ ಹೋದದ್ದು ಮೈಸೂರು ರಸ್ತೆಯ ಸ್ಪ್ರಿಂಗ್ ಅಂಗಡಿಗೆ.

ಇದು ನಮ್ಮ ಕಡೆಯ ಸಂಪ್ರದಾಯ. ಹೊಸ ಗಾಡಿಯ ಮೊದಲ ಲೋಡಿಗೂ ಮುಂಚೆ, ಹಿಂದಿನ ಚಕ್ರದ ಮೇಲಿನ ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟುಗಳನ್ನು ಸೇರಿಸಬೇಕು. ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಬಾಗಿದ ಪಟ್ಟಿಗಳು. ಲೋಡು ಬಿದ್ದಾಗ ಅವು ಬಗ್ಗುತ್ತವೆ. ಕಂಪನಿಯವರು ಹಾಕಿದ ಪ್ಲೇಟು ಕಂಪನಿಯವರು ಬರೆದ ಲೋಡಿಗೆ. ಕಂಪನಿಯವರು ಬರೆದಷ್ಟೇ ಲೋಡು ಹಾಕುವವನು ಬೆಂಗಳೂರಿನಲ್ಲಿ ಟೈಲ್ಸ್ ಯಾಕೆ ಮಾರುತ್ತಾನೆ, ಮಠ ಸೇರುತ್ತಾನೆ. ಪೂಜೆ ಮಾಡಿಸದ ಗಾಡಿ ರಸ್ತೆಯಲ್ಲಿ ಸಿಗಬಹುದಿತ್ತು, ಪ್ಲೇಟು ಹಾಕಿಸದ ಗಾಡಿ ಸಿಗುತ್ತಿರಲಿಲ್ಲ.

ಸ್ಪ್ರಿಂಗ್ ಅಂಗಡಿಯ ಭಾಯ್ ಆ ರಸ್ತೆಯಲ್ಲೇ ಹೆಸರಾದವರು. ಎರಡೂ ಕಡೆ ದಪ್ಪ ಪ್ಲೇಟು ಜೋಡಿಸಿ, ಬೋಲ್ಟು ಬಿಗಿದು, ಸುತ್ತಿಗೆಯಿಂದ ಒಂದು ಸಲ ಬಡಿದು, ಕಿವಿ ಕೊಟ್ಟು ಕೇಳಿದರು, ವೈದ್ಯರು ಎದೆ ಕೇಳುವ ಹಾಗೆ.

"ಆನೆ ನಿಲ್ಸಿ ಸಾಬ್. ಬಗ್ತು ಅಂದ್ರೆ ನಾನು ಅಂಗಡಿ ಮುಚ್ಕೊಂಡು ಊರಿಗೆ ಹೋಗ್ತೀನಿ," ಎಂದರು ಭಾಯ್.

ಯಜಮಾನರು ಆನೆ ತರಲಿಲ್ಲ, ತಾವೇ ಹತ್ತಿ ಕುಣಿದು ನೋಡಿದರು. ಗಾಡಿ ಅಲುಗಲಿಲ್ಲ. ಮಾರನೆಯ ದಿನ ಹಲಗೆಯ ಅಂಚಿನವರೆಗೆ ಟೈಲ್ಸ್ ತುಂಬಿದರೂ ಗಾಡಿಯ ಹಿಂಭಾಗ ಖಾಲಿ ಇದ್ದಾಗಿನಂತೆಯೇ ಎತ್ತರಕ್ಕೆ ನಿಂತಿತ್ತು. ಹಮಾಲರು, ಪಕ್ಕದ ವೆಲ್ಡಿಂಗ್ ಷಾಪಿನವರು, ನಾನು, ಎಲ್ಲರೂ ಸುತ್ತ ನಿಂತು ಮೆಚ್ಚಿಕೊಂಡೆವು. ಕಂಪನಿಯ ಡಬ್ಬಿಯೂ ಅದನ್ನು ನೋಡುತ್ತಿತ್ತು. ಅದರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಮಹಾಲಕ್ಷ್ಮಿ ಲೇಔಟಿನಲ್ಲಿ. ಅಲ್ಲಿಯ ಇಳಿಜಾರು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಟೈಲ್ಸ್ ತುಂಬಿಕೊಂಡು ಇಳಿಯುತ್ತಿದ್ದೆ, ಟೈಲ್ಸ್ ಇಳಿಸಬೇಕಾದ ಮನೆ ಕೆಳಗೆ ಕಾಣಿಸಿತು, ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಮುಂದಿನ ಚಕ್ರಗಳು ಕಿರುಚಿದವು, ಗಾಡಿಯ ಮೂತಿ ನೆಲಕ್ಕೆ ಬಾಗಿತು, ಆದರೆ ಗಾಡಿ ನಿಲ್ಲಲಿಲ್ಲ. ಹಿಂದಿನಿಂದ ಯಾರೋ ತಳ್ಳುತ್ತಿದ್ದ ಹಾಗೆ ಹೋಗುತ್ತಲೇ ಇತ್ತು. ಮನೆಯನ್ನು ದಾಟಿ, ಪಕ್ಕದ ಸೈಟಿನವರು ರಸ್ತೆಯ ಮೇಲೆ ಹಾಕಿಸಿದ್ದ ಮರಳಿನ ಗುಡ್ಡೆಗೆ ಹೊಕ್ಕು ನಿಂತಿತು. ಆ ಕಾಲದಲ್ಲಿ ರಸ್ತೆಯನ್ನೆಲ್ಲ ಮರಳಿನವರು ಆಕ್ರಮಿಸಿದ್ದರು ಎಂದು ನಾನು ದಿನಾ ಬೈಯುತ್ತಿದ್ದೆ. ಆ ದಿನದಿಂದ ಬೈಯುವುದು ಬಿಟ್ಟೆ.

ಮನೆಯ ಮಾಲೀಕರು ಬನಿಯನ್ನಿನಲ್ಲೇ ಓಡಿ ಬಂದು ಗಾಡಿಯ ಒಳಗೆ ಇಣುಕಿದರು. ಮುಂದಿನ ಸಾಲಿನ ಟೈಲ್ಸೆಲ್ಲ ಕ್ಯಾಬಿನ್ನಿಗೆ ಬಡಿದು ಚೂರಾಗಿತ್ತು.

"ಏನ್ರೀ, ನಾನು ಆರ್ಡರ್ ಕೊಟ್ಟಿದ್ದು ಟೈಲ್ಸಿಗೆ. ನೀವು ಜಲ್ಲಿ ತಂದಿದೀರಲ್ಲ," ಎಂದರು.

"ಬ್ರೇಕ್ ಹಿಡೀಲಿಲ್ಲ ಸಾರ್."

"ಹಿಂದೆ ಜಪಾನ್ ಬ್ರೇಕು ಅಂತ ಬರ್ಕೊಂಡಿದೀರಿ?"

ದೂರವಿರಿ ಎಂದೂ ಬರೆದಿದೆ, ಅದನ್ನಾದರೂ ಓದಿಕೊಳ್ಳಿ ಎನ್ನೋಣ ಅನ್ನಿಸಿತು, ಮರಳು ತೋಡತೊಡಗಿದೆ.

ಕಾರ್ಖಾನೆಯಲ್ಲಿ ಯಜಮಾನರು ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಿದರು. "ಏನಪಾ ಡ್ರೈವರಾ, ಗಾಡಿ ನಿಂದ್ರಸಾಕ ಬರಂಗಿಲ್ಲೇನು ನಿನಗ? ಜಪಾನಿನವರು ಬ್ರೇಕ್ ಮಾಡಿ ಕೊಟ್ಟಾರ. ಕಾಲೂ ಅವರ ಕಳಸಬೇಕಿತ್ತೇನು?"

ಅವರ ಪಕ್ಕದಲ್ಲಿ ಅವರ ಹೆಂಡತಿಯ ತಮ್ಮ ನಿಂತಿದ್ದ. ಊರಿನಿಂದ ಹೊಸದಾಗಿ ಬಂದವನು, ಜೇಬಿನಲ್ಲಿ ಹೊಸ ಲೈಸೆನ್ಸು. ಬೆಳಿಗ್ಗೆ ನಾನು ಗಾಡಿ ತೊಳೆಯುವಾಗ ಸ್ಟೇರಿಂಗಿನ ಮುಂದೆ ಕೂತು ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. ಆ ದಿನ ಅವನು ಬಹಳ ಮೆತ್ತಗೆ ಹೇಳಿದ: "ಮಾಮಾ, ಹೊಸಾ ಗಾಡಿಗೆ ಹೊಸಾ ಕಾಲು ಬೇಕಾಗ್ತಾವರಿ."

ಗಾಡಿ ಗ್ಯಾರೇಜಿಗೆ ಹೋಯಿತು. ರಾಜಾಜಿನಗರದ ಕಡೆಯ ನಮ್ಮ ಮಾಮೂಲಿ ಮೆಕ್ಯಾನಿಕ್ ಪೈಪುಗಳಿಂದ ಗಾಳಿ ತೆಗೆದ, ಬ್ರೇಕ್ ಆಯಿಲ್ ಬದಲಿಸಿದ, ಚಕ್ರವನ್ನು ಉಜ್ಜಿ ಹಿಡಿಯುವ, ಹೊಸದಾಗಿದ್ದ ಲೈನರನ್ನು ಇನ್ನೂ ಹೊಸದು ಮಾಡಿದ. ಖಾಲಿ ಗಾಡಿಯನ್ನು ಕಾರ್ಡ್ ರೋಡಿನಲ್ಲಿ ಓಡಿಸಿ ನೋಡಿ, ಚೆನ್ನಾಗಿ ನಿಲ್ಲುತ್ತದೆ ಎಂದು ಕೈಯೊರೆಸಿಕೊಂಡ. ಲೋಡು ಹಾಕಿ ನೋಡು ಎಂದರೆ, "ಗುರು, ಬ್ರೇಕಿಗೇನು ಲೋಡ್ ಐತೋ ಇಲ್ವೋ ಅಂತ ಕಣ್ಣು ಐತಾ? ಖಾಲೀಲಿ ನಿಂತ್ರೆ ಲೋಡಲ್ಲೂ ನಿಲ್ಲುತ್ತೆ. ನೀನು ಕಾಲು ತೋರಿಸ್ಕೋ ಡಾಕ್ಟ್ರಿಗೆ," ಎಂದ. ಆ ಬ್ರೇಕಿಗೆ ನಿಜವಾಗಿಯೂ ಕಣ್ಣಿತ್ತು. ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಮತ್ತೆ ಲೋಡು, ಮತ್ತೆ ಅದೇ ಕಥೆ. ಸಿಗ್ನಲ್ಲಿಗೆ ಬಹಳ ಮುಂಚೆಯೇ ಬ್ರೇಕ್ ಒತ್ತಲು ಶುರು ಮಾಡುತ್ತಿದ್ದೆ. ಹಿಂದಿನ ಆಟೋದವರು ನನ್ನನ್ನು ಮುದುಕ ಎಂದು ಕರೆದು ಹೋಗುತ್ತಿದ್ದರು. ಮತ್ತೊಂದು ಸಲ ಟೈಲ್ಸ್ ಒಡೆಯಿತು. ಯಜಮಾನರು ಜೋಯಿಸರನ್ನು ಕೇಳಿ ಬಂದು ಗಾಡಿಯ ಬಣ್ಣ ಸರಿಯಿಲ್ಲ ಎಂದರು. ಬಣ್ಣವನ್ನು ಬದಲಿಸಲು ಖರ್ಚಾಗುವುದರಿಂದ, ಡ್ರೈವರನ್ನು ಬದಲಿಸುವ ಮಾತು ಬಂತು.

"ಇನ್ನೊಂದ ಸಲ ಮಾಲ್ ಒಡೀತು ಅಂದ್ರ ಕೀಲಿ ನಮ್ಮ ಹುಡುಗನ ಕೈಗೆ. ನೀ ಲೋಡಿಂಗ್ ಕೆಲಸಕ್ಕ ನಿಂದ್ರು, ಬ್ಯಾಡ ಅನ್ನಂಗಿಲ್ಲ ನಾ," ಎಂದರು ಯಜಮಾನರು, ಭಾವಮೈದನ ಹೆಗಲ ಮೇಲೆ ಕೈಯಿಟ್ಟು. ಕೊನೆಯ ಮಾತನ್ನು ದೊಡ್ಡ ಉಪಕಾರದಂತೆ ಹೇಳಿದರು.

ರೂಮಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಸೀಟ್ ಹೋದ್ರೆ ರೂಮೂ ಹೋಗುತ್ತಲ್ವಾ?"

"ಹೋಗುತ್ತೆ."

"ಹಂಗಾದ್ರೆ ಬ್ರೇಕ್ ಏನಾಗಿದೆ ಅಂತ ಸರಿಯಾಗಿ ಗೊತ್ತಿರೋರನ್ನ ಕೇಳ್ರೀ. ಇಲ್ಲೀವರೆಗೂ ನೀವು ಕೇಳಿದ್ದು ನಿಮ್ಮನ್ನ ಬೈಯೋರನ್ನ ಮಾತ್ರ."

ನನಗೆ ಹಾಗೆ ಹೊಳೆದಿರಲಿಲ್ಲ. ಗಾಡಿ ಕೊಟ್ಟ ಷೋರೂಮಿಗೇ ಹೋಗಿ, ಇಂಜಿನಿಯರ್ ಒಬ್ಬರು ಬಂದು ನೋಡಲೇಬೇಕು ಎಂದು ಹಟ ಹಿಡಿದು ಕೂತೆ. ಎಂಟನೇ ಕ್ಲಾಸ್ ಬಿಟ್ಟವನಿಗೆ ಹಟ ಮಾಡಲು ಯಾರೂ ಕಲಿಸಬೇಕಿಲ್ಲ. ಕೊನೆಗೆ ಒಬ್ಬರು ಬಂದರು, ಇಸ್ತ್ರಿ ಮಾಡಿದ ಷರಟಿನ ಹುಡುಗ ವಯಸ್ಸಿನವರು. ಲೋಡು ತುಂಬಿದ ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದರು. ಮಲಗಿದಷ್ಟೇ ಬೇಗ ಎದ್ದರು.

"ಈ ಎಕ್ಸ್‌ಟ್ರಾ ಪ್ಲೇಟ್ ಯಾರು ಹಾಕ್ಸಿದ್ದು?"

ಯಜಮಾನರು ಟೈಲ್ಸ್ ತೊಟ್ಟಿಯ ಕಡೆ ನೋಡಿದರು. ಕುತೂಹಲಕ್ಕೆ ಬಂದಿದ್ದ ಮೆಕ್ಯಾನಿಕ್ ಆಕಾಶ ನೋಡಿದ. ಭಾವಮೈದ ಕನ್ನಡಿ ನೋಡಿದ. ನಾನು ಡ್ರೈವರ್, ಕೊಟ್ಟ ಗಾಡಿ ಓಡಿಸುವುದು ನನ್ನ ಕೆಲಸ, ಆದ್ದರಿಂದ ನಾನು ಯಜಮಾನರನ್ನೇ ನೋಡಿದೆ.

ಇಂಜಿನಿಯರ್ ನಮಗೆ ಅರ್ಥವಾಗುವ ಹಾಗೆಯೇ ಹೇಳಿದರು. ಲೋಡು ಬಿದ್ದರೆ ಗಾಡಿಯ ಹಿಂಭಾಗ ಕೆಳಗೆ ಕೂರಬೇಕು. ಕೂತಾಗ ಆ ಕಡ್ಡಿ ಡಬ್ಬಿಯನ್ನು ಮೇಲಕ್ಕೆ ಒತ್ತುತ್ತದೆ, ಡಬ್ಬಿ ಹಿಂದಿನ ಚಕ್ರಗಳಿಗೆ ಬ್ರೇಕನ್ನು ಪೂರ್ತಿ ಬಿಡುತ್ತದೆ. ಗಾಡಿ ಖಾಲಿಯಾದರೆ ಹಿಂಭಾಗ ಏಳುತ್ತದೆ, ಕಡ್ಡಿ ಇಳಿಯುತ್ತದೆ, ಹಿಂದಿನ ಚಕ್ರ ಕಚ್ಚಿಕೊಳ್ಳದಿರಲಿ ಎಂದು ಡಬ್ಬಿ ಬ್ರೇಕನ್ನು ಕಡಿಮೆ ಮಾಡುತ್ತದೆ.

"ನಿಮ್ಮ ಪ್ಲೇಟು ಎಷ್ಟು ಲೋಡ್ ಹಾಕಿದ್ರೂ ಬಗ್ತಾ ಇಲ್ಲ. ಡಬ್ಬಿಗೆ ನಿಮ್ಮ ಗಾಡಿ ಯಾವಾಗಲೂ ಖಾಲಿ ಅಂತಾನೇ ಕಾಣಿಸ್ತಾ ಇದೆ. ಅದಕ್ಕೇ ಅದು ಹಿಂದಿನ ಬ್ರೇಕೇ ಕೊಡ್ತಾ ಇಲ್ಲ. ಪ್ಲೇಟ್ ತೆಗೆಸಿ, ಬರೆದಷ್ಟೇ ಲೋಡ್ ಹಾಕಿ, ಸರಿಹೋಗುತ್ತೆ," ಎಂದರು.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಅವರ ಮೇಲೆ ಸಿಟ್ಟು ಬರದೆ ಇನ್ನೇನು. ಯಜಮಾನರು ಕಾಫಿ ತರಿಸಿ ಕುಡಿಸಿ, ಕೈಮುಗಿದು ಕಳಿಸಿ, ಅವರ ಸ್ಕೂಟರಿನ ಸದ್ದು ದೂರವಾದ ಮೇಲೆ ಬಾಯಿ ತೆರೆದರು.

"ಕೂಸದು, ಇನ್ನಾ ಪುಸ್ತಕದ ವಾಸ್ನಿ ಹೋಗಿಲ್ಲ. ಬರದಷ್ಟ ಲೋಡ್ ಹಾಕೂದಾದ್ರ ನಾ ಗಾಡಿ ಯಾಕ ತರತಿದ್ದೆ, ಕತ್ತಿ ತರತಿದ್ದೆ."

ಅವರ ಊರಿನಲ್ಲಿ ಕತ್ತಿ ಎಂದರೆ ಕತ್ತೆ. ಎಲ್ಲರೂ ನಕ್ಕರು.

ಮೆಕ್ಯಾನಿಕ್ಕಿಗೆ ಮಾತ್ರ ಇಂಜಿನಿಯರ್ ಹೇಳಿದ್ದು ಚೆನ್ನಾಗಿ ಕೇಳಿಸಿತ್ತು, ಅರ್ಧ. "ಯಜಮಾನ್ರೆ, ಕಡ್ಡಿ ಮೇಲಿದ್ರೆ ಪೂರ್ತಿ ಬ್ರೇಕ್ ಅಂತ ಅವ್ರೇ ಹೇಳಿದ್ರಲ್ಲ. ಮೇಲಕ್ಕೇ ಎತ್ತಿ ಕಟ್ಟಿಬಿಡೋಣ. ಪ್ಲೇಟೂ ಇರುತ್ತೆ, ಬ್ರೇಕೂ ಇರುತ್ತೆ," ಎಂದ. ಕಂಬಿ ಕಟ್ಟುವ ಬೈಂಡಿಂಗ್ ವೈರಿನಲ್ಲಿ ಕಡ್ಡಿಯನ್ನು ಮೇಲೆತ್ತಿ, ಸುತ್ತಿ, ಕಟಿಂಗ್ ಪ್ಲೇಯರಿನಿಂದ ತಿರುಚಿ ಬಿಗಿದ. ಅಂದಿನಿಂದ ಡಬ್ಬಿಗೆ ನಮ್ಮ ಗಾಡಿ ಹಗಲೂ ಇರುಳೂ ತುಂಬಿದ ಗಾಡಿ.

ಲೋಡು ಹಾಕಿ ಓಡಿಸಿದೆ. ಏನು ಬ್ರೇಕು ಅಂತೀರಿ. ಕಾಲಿಟ್ಟರೆ ಸಾಕು, ನಿಂತಲ್ಲೇ ನಿಲ್ಲುತ್ತಿತ್ತು. ಯಜಮಾನರು ಎಲ್ಲರಿಗೂ ಮೈಸೂರುಪಾಕು ಹಂಚಿದರು. ಜಪಾನಿನವರು ಅಷ್ಟೆಲ್ಲ ಖರ್ಚು ಮಾಡಿ ಕಂಡುಹಿಡಿದದ್ದನ್ನು ನಮ್ಮವನು ಒಂದು ಗೇಣು ವೈರಿನಲ್ಲಿ ಸುಧಾರಿಸಿದ್ದಾನೆ ಎಂದು ಗೋವಿಂದರಾಜನಗರದಲ್ಲೆಲ್ಲ ಸುದ್ದಿಯಾಯಿತು. ನಾನೂ ಮೈಸೂರುಪಾಕು ತಿಂದೆ. ಅದರಲ್ಲಿ ತಪ್ಪೇನಿರಲಿಲ್ಲ, ತುಪ್ಪದ್ದು.

ಆ ಖುಷಿ ಮಳೆ ಬರುವವರೆಗೆ. ಕೆಂಗೇರಿಯಲ್ಲಿ ಹೊಸ ಬಡಾವಣೆ ಏಳುತ್ತಿತ್ತು, ಅಲ್ಲಿಗೆ ಟೈಲ್ಸ್ ಇಳಿಸಿ ಖಾಲಿ ಗಾಡಿ ವಾಪಸ್ ತರುತ್ತಿದ್ದೆ. ತುಂತುರು ಹನಿ, ರಸ್ತೆಯ ಮೇಲೆ ಎಣ್ಣೆ ಸವರಿದ ಹೊಳಪು. ಮೈಸೂರು ರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಹಿಂದಿನ ಚಕ್ರಗಳು ಕಚ್ಚಿಕೊಂಡವು, ಹಿಂಭಾಗ ನನ್ನನ್ನು ಬಿಟ್ಟು ಹೊರಟಿತು. ಎಮ್ಮೆ, ಹುಣಸೆಮರ, ಸೈಕಲ್ಲಿನವನು, ಮತ್ತೆ ಎಮ್ಮೆ, ಹೀಗೆ ಎಲ್ಲವೂ ಗಾಜಿನ ಮುಂದೆ ಸಾಲಾಗಿ ಹಾದುಹೋದವು. ಗಾಡಿ ನಿಂತಾಗ ಅದರ ಮುಖ ಮತ್ತೆ ಕೆಂಗೇರಿಯ ಕಡೆಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಎಮ್ಮೆ ಮೆಲುಕು ಹಾಕುವುದನ್ನೂ ನಿಲ್ಲಿಸಿರಲಿಲ್ಲ.

ಹಿಂದೆ ಬರುತ್ತಿದ್ದ ಬಸ್ಸು ಪಕ್ಕಕ್ಕೆ ಬಂದು ನಿಧಾನಿಸಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೇಳಿದ: "ಏನಣ್ಣ, ಏನಾದ್ರೂ ಮರೆತು ಬಂದ್ಯಾ? ವಾಪಸ್ ಹೊರಟಿದೀಯಾ?"

ಬಸ್ಸಿನ ತುಂಬ ನಗು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಸ್ಟೇರಿಂಗ್ ನನ್ನ ಮಾತು ಕೇಳಿರಲಿಲ್ಲ, ಅದೂ ಎಂಥ ಬ್ರೇಕಿನ ಗಾಡಿ.

ಬಂದು ಯಜಮಾನರಿಗೆ ಹೇಳಿದೆ, ವೈರು ಬಿಚ್ಚಿಸಿ, ಪ್ಲೇಟು ತೆಗೆಸಿ ಎಂದೆ.

"ಮೊದ್ಲ ನಿಂದ್ರಂಗಿಲ್ಲ ಅಂದಿ. ಈಗ ಭಾಳ ನಿಂದರತೈತಿ ಅಂತಿ. ನಿನಗ ಎಂಥಾ ಬ್ರೇಕ್ ಬೇಕು ಅಂತ ಒಮ್ಮೆ ಬರದಕೊಡಪಾ, ಜಪಾನಿಗೆ ಕಳಸೂಣು."

ಭಾವಮೈದ ನಕ್ಕ. "ಮಳಿಯಾಗ ಗಾಡಿ ಓಡಸಾಕ ಧೈರ್ಯ ಬೇಕರಿ ಮಾಮಾ. ಕೆಲವ್ರಿಗೆ ಇರಂಗಿಲ್ಲ."

ಧೈರ್ಯ ಇದ್ದವನು ಆ ಮಳೆಯಲ್ಲಿ ಇನ್ನೂ ಒಮ್ಮೆಯೂ ಗಾಡಿ ಓಡಿಸಿರಲಿಲ್ಲ. ಅವನಿಗೆ ತಿರುಗಿ ಉತ್ತರ ಕೊಡುವುದು ಸುಲಭವಿತ್ತು. ನನಗೆ ಉತ್ತರವಲ್ಲ, ಸೀಟು ಬೇಕಿತ್ತು. ಅವತ್ತಿನಿಂದ ನಾನು ಖಾಲಿ ಗಾಡಿ ಓಡಿಸುವುದನ್ನೇ ಬಿಟ್ಟೆ. ಟೈಲ್ಸ್ ಇಳಿಸಿದ ಕಡೆಯಲ್ಲೇ ಅವರ ಕಟ್ಟಡದ ಕಸ, ಮುರಿದ ಇಟ್ಟಿಗೆ, ಏನು ಸಿಕ್ಕಿದರೂ ತುಂಬಿಸಿಕೊಂಡು ಬರುತ್ತಿದ್ದೆ. ಹಿಂಭಾಗ ಭಾರವಿದ್ದರೆ ಚಕ್ರ ಕಚ್ಚುತ್ತಿರಲಿಲ್ಲ. ಒಳ್ಳೆಯ ಮಾಲು ಕೊಟ್ಟು ಕಸ ಕೊಂಡುಕೊಳ್ಳುವ ಬೆಂಗಳೂರಿನ ಒಂದೇ ಕಾರ್ಖಾನೆ ಎಂದು ನಮಗೆ ಹೆಸರು ಬಂತು. ಕಾರ್ಖಾನೆಯ ಅಂಗಳದಲ್ಲಿ ಇಟ್ಟಿಗೆಚೂರಿನ ಬೆಟ್ಟ ಬೆಳೆಯಿತು. ಯಜಮಾನರು ಡೀಸೆಲ್ ಲೆಕ್ಕ ನೋಡಿದ ದಿನ ಅದೂ ಮುಗಿಯಿತು.

"ನಾಳೆಯಿಂದ ನಮ್ಮ ಹುಡುಗ ಓಡಸ್ತಾನ. ಕಲ್ಲ ಹೊತಗೊಂಡ ತಿರಗೂ ಡ್ರೈವರ್ ನನಗ ಬ್ಯಾಡ," ಎಂದರು.

"ಆಯ್ತು ಯಜಮಾನ್ರೆ, ಕೀ ಕೊಡ್ತೀನಿ," ಎಂದೆ. "ಇವತ್ತು ಕೆಂಗೇರಿಗೆ ಕೊನೇ ಲೋಡು ನಾನೇ ಹೋಗ್ತೀನಿ. ನೀವಿಬ್ರೂ ಜೊತೆಗೆ ಬನ್ನಿ. ಬರ್ತಾ ಖಾಲಿ ಬರೋಣ, ಇಟ್ಟಿಗೆ ಹಾಕಲ್ಲ. ಊರು ಸೇರಿದ ತಕ್ಷಣ ಕೀ ಅವ್ರ ಕೈಗೆ."

ಯಜಮಾನರಿಗೆ ಅಲ್ಲಿ ಒಂದು ಆರ್ಡರ್ ಮಾತಾಡುವುದೂ ಇತ್ತು, ಒಪ್ಪಿದರು. ಮಧ್ಯಾಹ್ನ ಮೂವರೂ ಕ್ಯಾಬಿನ್ನಿನಲ್ಲಿ ಕೂತೆವು, ಭಾವಮೈದ ನಡುವೆ, ಯಜಮಾನರು ಬಾಗಿಲ ಕಡೆ. ಟೈಲ್ಸ್ ಇಳಿಸಿದೆವು. ಆರ್ಡರ್ ಮಾತು ಮುಗಿಯಿತು. ಮೋಡ ಕವಿದು ಸಣ್ಣಗೆ ಹನಿಯತೊಡಗಿತ್ತು.

ಗಾಡಿಯನ್ನು ಬಡಾವಣೆಯ ಹಿಂದಿನ ತುದಿಗೆ ತಿರುಗಿಸಿದೆ. ಅಲ್ಲಿ ಆಗ ರಸ್ತೆಗೆ ಟಾರು ಬಿದ್ದಿತ್ತು, ದೀಪದ ಕಂಬ ನಿಂತಿತ್ತು, ಮನೆಗಳಿರಲಿಲ್ಲ. ಉದ್ದಕ್ಕೆ ಖಾಲಿ, ಎರಡೂ ಕಡೆ ಹುಲ್ಲು. ಮನುಷ್ಯ, ಪ್ರಾಣಿ ಯಾರೂ ಇಲ್ಲವೆಂದು ನೋಡಿಕೊಂಡು ಎಮ್ಮೆ ಅಡ್ಡ ಬಂದ ದಿನ ಇದ್ದಷ್ಟೇ ವೇಗಕ್ಕೆ ಗಾಡಿ ಬಿಟ್ಟೆ. ಎರಡು ಕೈಯಲ್ಲೂ ಡ್ಯಾಷ್‌ಬೋರ್ಡಿನ ಕಂಬಿ ಹಿಡಿದುಕೊಳ್ಳಿ ಎಂದೆ.

"ಯಾಕೋ?" ಎಂದರು ಯಜಮಾನರು.

"ದನ ಅಡ್ಡ ಬಂತು ಅಂದ್ಕೊಳ್ಳಿ," ಎಂದು ಬ್ರೇಕ್ ಒತ್ತಿದೆ.

ಹಿಂಭಾಗ ಹೊರಟಿತು. ನಾನು ಸ್ಟೇರಿಂಗನ್ನು ಜಾರುವ ಕಡೆಗೇ ತಿರುಗಿಸಿದೆ. ಅದರಿಂದ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಡ್ರೈವರ್ ಆದವನು ಮರ್ಯಾದೆಗಾದರೂ ತಿರುಗಿಸಬೇಕು. ಗಾಡಿ ಒಂದು ಸುತ್ತು ತಿರುಗಿತು, ಇನ್ನೂ ಅರ್ಧ ತಿರುಗಿ, ಹುಲ್ಲಿಗೆ ಇಳಿದು ನಿಂತಿತು. ಯಜಮಾನರ ಬಾಯಲ್ಲಿದ್ದ ಎಲೆಅಡಿಕೆ ಪೂರ್ತಿ ನುಂಗಿಹೋಗಿತ್ತು. ವೈಪರ್ ಮಾತ್ರ ಅತ್ತಿತ್ತ ಓಡಾಡುತ್ತಿತ್ತು.

ನಾನು ಎಂಜಿನ್ ಆಫ್ ಮಾಡಿ, ಕೀ ತೆಗೆದು, ಭಾವಮೈದನ ಮುಂದೆ ಹಿಡಿದೆ.

"ತಗೊಳ್ಳಿ. ಇಲ್ಲಿಂದ ನೀವು ಓಡಿಸಿ. ಮೈಸೂರು ರಸ್ತೇಲಿ ಈಗ ಬಸ್ಸುಗಳ ಹೊತ್ತು."

ಅವನು ಕೀಯನ್ನು ಮುಟ್ಟಲಿಲ್ಲ. ಕಂಬಿ ಹಿಡಿದಿದ್ದ ಕೈಯನ್ನೂ ಬಿಡಲಿಲ್ಲ. "ಮಾಮಾ, ನನಗ ಬ್ಯಾಡರಿ ಇದು," ಎಂದ. ಅವನನ್ನು ಆ ಹೊತ್ತಿನಲ್ಲಿ ನಾನು ಮೆಚ್ಚಿಕೊಂಡೆ; ಅಷ್ಟು ಬೇಗ ಗಾಡಿ ಓಡಿಸುವುದನ್ನು ಕಲಿತವನನ್ನು ನಾನು ಕಂಡಿಲ್ಲ.

ಯಜಮಾನರು ಬಾಗಿಲು ತೆಗೆದು ಇಳಿದು, ಮಳೆಯಲ್ಲಿ ನಿಂತು, ಟಾರಿನ ಮೇಲೆ ನಮ್ಮ ಚಕ್ರ ಎಳೆದ ಗೆರೆಯನ್ನು ಬಹಳ ಹೊತ್ತು ನೋಡಿದರು. ಮತ್ತೆ ಹತ್ತಿ ಕೂತರು.

"ನಿಧಾನಕ ನಡಿ," ಎಂದರು. ಗೋವಿಂದರಾಜನಗರ ಬರುವವರೆಗೆ ನಾನೂ ಎತ್ತಿನಗಾಡಿಯ ಹಾಗೆ ನಡೆಸಿದೆ.

ಮಾರನೆಯ ದಿನ ಗಾಡಿ ಮತ್ತೆ ಸ್ಪ್ರಿಂಗ್ ಅಂಗಡಿಯ ಮುಂದಿತ್ತು. ಪ್ಲೇಟು ಬಿಚ್ಚಬೇಕು ಎಂದಾಗ ಭಾಯ್‌ಗೆ ಬಹಳ ನೋವಾಯಿತು. "ಏನು ಸಾಬ್, ಬಗ್ತಾ?" ಎಂದು ಕೇಳಿದರು.

"ಬಗ್ಗಲಿಲ್ಲ. ಅದ ಆಗಿದ್ದು ನೋಡ್ರಿ ತ್ರಾಸ," ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ, ಸುತ್ತ ನಿಂತವರಿಗೂ ಕೇಳುವ ಹಾಗೆ ಹೇಳಿದರು: "ನಾ ಮೊದಲ ಹೇಳಿದ್ದೆ, ಜಪಾನಿನ ಗಾಡಿಗೆ ಕೈ ಹಚ್ಚಬ್ಯಾಡ್ರಿ ಅಂತ. ನನ್ನ ಮಾತು ಯಾರ ಕೇಳ್ತಾರ?"

ನಾನು ಹೌದು ಯಜಮಾನ್ರೆ ಎಂದೆ. ಅದನ್ನು ಹೇಳಲು ಮಾತ್ರ ನನಗೆ ಸ್ವಲ್ಪ ಕಷ್ಟವಾಯಿತು. ರೂಮಿನ ಬಾಡಿಗೆ ಎಂದುಕೊಂಡು ಹೇಳಿಬಿಟ್ಟೆ.

ಇಂಜಿನಿಯರ್ ಇನ್ನೊಮ್ಮೆ ಬಂದು ವೈರು ಕತ್ತರಿಸಿ, ಕಡ್ಡಿಯನ್ನು ಅಳತೆಗೆ ಕೂರಿಸಿಕೊಟ್ಟರು. ಅವರಿಗೆ ಕಾಫಿ ಕೊಟ್ಟರು, ಈ ಸಲವೂ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಸರಿಯಾಗಿ ಹೇಳಿದವರಿಗೆ ಅದೇ ಶಿಕ್ಷೆ. ನಾನು ಸ್ಕೂಟರಿನವರೆಗೆ ಹೋಗಿ ಹೇಳಿದೆ. ಅವರು ನಾಚಿಕೊಂಡರು.

ಅಲ್ಲಿಂದ ಮುಂದೆ ಗಾಡಿ ಲೋಡಿನಲ್ಲೂ ನಿಂತಿತು, ಖಾಲಿಯಲ್ಲೂ ನಿಂತಿತು. ಆದರೆ ಬರೆದಷ್ಟೇ ಲೋಡು ಹಾಕಬೇಕಾದ್ದರಿಂದ, ಒಂದು ಸಲಕ್ಕೆ ಮುಗಿಯುತ್ತಿದ್ದ ಮನೆಗೆ ಈಗ ಎರಡು ಸಲ ಹೋಗಬೇಕಾಯಿತು. ಸಂಬಳ ಮಾತ್ರ ಒಂದೇ ಸಲದ್ದು. ಸುರಕ್ಷಿತವಾಗಿ ನಿಲ್ಲುವ ಗಾಡಿಯನ್ನು ಕೇಳಿದ್ದು ನಾನೇ ಆದ್ದರಿಂದ ಅದನ್ನು ದಿನವಿಡೀ ಓಡಿಸುವ ಭಾಗ್ಯವೂ ನನ್ನದೇ ಆಯಿತು. ಹಮಾಲರು ನನ್ನನ್ನು ಬೈದರು, ಎರಡು ಸಲ ತುಂಬಬೇಕಲ್ಲ ಎಂದು. ಭಾವಮೈದ ಆಫೀಸಿನ ಒಳಗೆ ಕುರ್ಚಿ ಹಿಡಿದು, ಆರ್ಡರ್ ಬರೆಯುವುದರಲ್ಲಿ ನಿಜವಾಗಿಯೂ ಚುರುಕಾದ. ಸಂಜೆ ನಾನು ಕೊನೆಯ ಟ್ರಿಪ್ ಮುಗಿಸಿ ಗೇಟಿನೊಳಗೆ ಬಂದಾಗ ಹೆಂಡತಿ ತೊಟ್ಟಿಗಳ ಹಿಂದಿನ ರೂಮಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಎರಡೆರಡು ಸಲ ಹೋಗಿ ಸಾಯ್ತೀರಲ್ರೀ," ಎಂದು ಗೊಣಗುತ್ತಿದ್ದಳು. ಗೊಣಗುವುದಕ್ಕೆ ಅವಳಿಗೆ ನಿಲ್ಲಲು ಒಂದು ಬಾಗಿಲಿತ್ತು. ನಾನು ಕೈಕಾಲು ತೊಳೆಯುತ್ತಿದ್ದೆ.

ಆ ಸೀಟಿನಲ್ಲಿ ಕಾರ್ಖಾನೆ ಮುಚ್ಚುವವರೆಗೂ ನಾನೇ ಕೂತಿದ್ದೆ. ಆಮೇಲಿನದು ನನ್ನ ಸ್ವಂತ ದುಡಿಮೆ. ಈಗ ನನ್ನ ಹತ್ತಿರ ಇರುವುದು ಎರಡು ಪಿಕಪ್, ಒಂದು ಮಾಳಿಗೆಯ ಮನೆ, ಒಬ್ಬಳೇ ಹೆಂಡತಿ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು, ಮಂಡಿನೋವು ಒಂದು, ಮತ್ತು ಚಾಲ್ತಿಯಲ್ಲಿರುವ ಲೈಸೆನ್ಸು.